ಹುಳುಮನೆಗೆ ಬೂಟು ಬರುವಂತಿಲ್ಲ

ಕೋಳಿ ಕೂಗುವ ಹೊತ್ತಿಗೆ ಅಕ್ಕಯ್ಯಮ್ಮ ಹುಳುಮನೆಯೊಳಗಿದ್ದಾರೆ. ಸೊಂಟದೆತ್ತರಕ್ಕೆ, ಗೋಡೆಯಿಂದ ಗೋಡೆಗೆ ಬಿದಿರು ಗಳ ಕಟ್ಟಿದೆ. ಒಂದು ಕೈ ಅದರ ಮೇಲೆ. ಇನ್ನೊಂದು ಕೈ ಹಣ್ಣಾದ ರೇಷ್ಮೆಹುಳುಗಳನ್ನು ತಟ್ಟೆಯಿಂದ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದೆ. ಕುಪ್ಪಳಿಸಿದರೆ ತಟ್ಟೆಗಳು ಅದುರುತ್ತವೆಂದು ಪಾದವನ್ನು ಮೆಲ್ಲಗೆ ಜರುಗಿಸುತ್ತಾ ಸಾಗುತ್ತಾರೆ. ನೆಲದ ಮೇಲಿರುವುದು ಎಡಗಾಲೊಂದೇ. ಬಲಗಾಲು, ಬೂಟು ಸಮೇತ, ಹೊಸ್ತಿಲಾಚೆ ಗೋಡೆಗೆ ಒರಗಿ ನಿಂತಿದೆ.

ಇವತ್ತು ಅಕ್ಕಯ್ಯಮ್ಮನ ಪಂದ್ಯ ತೀರುವ ದಿನ. ಹುಳು ಕಾಯಿಲೆ ಬೀಳದೆ ಚಂದ್ರಿಕೆ ಹತ್ತಿದರೆ ಹುಳುಮನೆ ಅವರದೇ. ಕೆಟ್ಟರೆ ಓರಗಿತ್ತಿ ಆದಿಲಕ್ಷ್ಮಮ್ಮನ ಪಾಲು. ಹಾಗೆಂದು ಅತ್ತೆ ಮುನಿಗಂಗಮ್ಮ ಊರಿನ ನಾಲ್ಕು ಜನರ ಎದುರಿಗೆ ಹೇಳಿಬಿಟ್ಟಿದ್ದಾರೆ. ಮುನಿಗಂಗಮ್ಮ ಒಮ್ಮೆ ಮಾತಾಡಿದರೆ ಅಂಬಾಜಿದುರ್ಗದ ಬಂಡೆ ಬೇಕಾದರೆ ಸರಿದೀತು!

ದುರ್ಗದ ತಪ್ಪಲಿನ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಹುಳು ಮೇಯಿಸಿದವರು ಅಕ್ಕಯ್ಯಮ್ಮನೇ. ಐವತ್ತೆಂಟನೇ ಇಸವಿಯಲ್ಲಿ ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೊರಟ ಎತ್ತಿನ ಗಾಡಿ ದಾರಿಯಲ್ಲಿ ಮಗುಚಿತು, ಚಕ್ರ ಅವರ ಬಲತೊಡೆಯ ಮೇಲೆ ಹಾಯಿತು. ಸೊಪ್ಪಿನ ಪಟ್ಟು ಕಟ್ಟಿಕೊಂಡು ಕೂತರು, ಗಾಯ ಕೊಳೆಯಿತು. ಬೆಂಗಳೂರಿನ ಆಸ್ಪತ್ರೆ ಮುಟ್ಟುವ ವೇಳೆಗೆ ತೊಡೆಯ ಬುಡದ ಹತ್ತಿರವೇ ಕಾಲು ಕತ್ತರಿಸದೆ ಗತಿಯಿರಲಿಲ್ಲ.

"ಉಳಿದಿರೋದು ಅರ್ಧ ಗೇಣು," ಎನ್ನುತ್ತಾರೆ, ನೋಡಲು ಬಂದವರಿಗೆ ಸೀರೆಯ ಮೇಲೆಯೇ ಅಳೆದು ತೋರಿಸಿ. "ಮಂಡಿ ಇದ್ದೋರಿಗೆ ಮರದ ಕಾಲು ಸಲೀಸು. ನನ್ನಂಥೋರಿಗೆ ಅದು ನಿಲ್ಲೋದೇ ಕಷ್ಟ ಕಣಪ್ಪ, ಜಾರ್ತಾ ಇರ್ತದೆ."

ಆಸ್ಪತ್ರೆಯಲ್ಲಿ ಮೊದಲು ಕೊಟ್ಟದ್ದು ಜೋಡಿ ಊರುಗೋಲು. ಎರಡು ದಿನಕ್ಕೇ ಅದನ್ನು ಮೂಲೆಗೆಸೆದರು. "ಅದನ್ನ ಹಿಡ್ಕೊಂಡ್ರೆ ಎರಡು ಕೈಯೂ ಹೋದ್ವು. ಸೊಪ್ಪಿನ ಮಂಕರಿ ಯಾರು ಹೊರಬೇಕು? ಕಾಲು ಹೋಗಿದ್ದು ಸಾಲ್ದಾ?"

ಆಮೇಲೆ ಬಂತು ಬೆಂಗಳೂರಿನ ಕಾಲು. ತೊಡೆ ಕೂರಿಸಲು ಚರ್ಮದ ಬಟ್ಟಲು, ಸೊಂಟಕ್ಕೆ ಚರ್ಮದ ಪಟ್ಟಿ, ಮಂಡಿಯಲ್ಲಿ ತೆಗೆದರೆ ಕಾಲು ಮಡಚುವ ಕಬ್ಬಿಣದ ಚಿಲಕ. ಕೆಳಗೆ ಪಾದದ ಜಾಗಕ್ಕೆ ಬೇರೆ ಏನಾದರೂ ಹಾಕಬಹುದಿತ್ತೇನೋ. ಆದರೆ ಗಂಡ ನರಸಿಂಹಪ್ಪನವರು ಸುಮ್ಮನಿರಬೇಕಲ್ಲ! ಹೆಂಡತಿಯ ಕಾಲು ಯಾರ ಕಾಲಿಗೂ ಕಡಿಮೆಯಾಗಬಾರದೆಂದು, ಅಮಲ್ದಾರರು ಹಾಕುವಂಥ ಕರೀ ಬೂಟನ್ನೇ ಹೇಳಿ ಮೊಳೆ ಹೊಡೆಸಿದರು. ಊರಿಗೆ ಊರೇ ಬಂದು ನೋಡಿ ಭೇಷ್ ಎಂದಿತು. ಮೂರನೆಯ ದಿನ ಅಕ್ಕಯ್ಯಮ್ಮ ಹುಳುಮನೆಯ ಬಾಗಿಲಿಗೆ ನಡೆದು ಬಂದಾಗಲೇ ಎಲ್ಲರಿಗೂ ಹೊಳೆದದ್ದು: ಹುಳು ಇರುವ ಮನೆಯೊಳಗೆ ಚಪ್ಪಲಿ ಕೂಡದು, ಚರ್ಮ ಮೊದಲೇ ಕೂಡದು. ರೇಷ್ಮೆ ಬೆಳೆಯುವ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತನ್ನು ಆ ಸಡಗರದಲ್ಲಿ ಒಬ್ಬರಾದರೂ ನೆನೆಯಲಿಲ್ಲ.

ಮುನಿಗಂಗಮ್ಮ ಬಾಗಿಲಿಗೆ ಅಡ್ಡ ನಿಂತರು. "ಬೂಟು ಬಿಚ್ಚೇ."

"ಬಿಚ್ಚೋಕೆ ಬರಲ್ಲ ಅತ್ತೆ, ಮೊಳೆ ಹೊಡೆದವ್ರೆ."

"ಹಂಗಾದ್ರೆ ಆಚೆ ಕೂತ್ಕೋ. ಹುಳ ಆದಿಲಕ್ಷ್ಮಿ ನೋಡ್ಕೊಂತಾಳೆ."

ಆಚೆ ಕೂತರು. ಅಳು ಬಂತು, ಅದಕ್ಕಿಂತ ಸಿಟ್ಟು ಬಂತು. ಮಾರನೆಯ ದಿನವೇ ಚಿಂತಾಮಣಿಯ ಬಡಗಿ ಕೋನಪ್ಪನವರಿಗೆ ಹೇಳಿಕಳಿಸಿ ಚರ್ಮವಿಲ್ಲದ ಮರದ ಕೋಲುಗಾಲು ಮಾಡಿಸಿದರು. ಹೆಗಲಿಂದ ನವಾರಪಟ್ಟಿ ಹಾಕಿ ಕಟ್ಟಿಕೊಳ್ಳುವಂಥದ್ದು. ತೋಟದ ಹಸಿಮಣ್ಣಿನಲ್ಲಿ ಹೂತುಕೊಳ್ಳದಂತೆ ತುದಿಗೆ ಅಗಲವಾದ ಹಲಗೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಇವತ್ತಿಗೂ ಅದೇ ಕಾಲು. ಆದರೆ ಹುಳುಮನೆಯಲ್ಲಿ ಅದು ಟಕಟಕ ಎಂದು ನೆಲ ಕುಟ್ಟುತ್ತದೆ; ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡಲು ಅಲುಗದೆ ಮಲಗಿದ ಹುಳುವಿಗೆ ಆ ಅದುರು ಆಗಿಬರುವುದಿಲ್ಲ. ಕಾಲಿಲ್ಲದೆಯೇ ಒಳಗೆ ಹೋಗುವುದೆಂದು ತೀರ್ಮಾನಿಸಿ ಗಂಡನಿಂದ ಗಳ ಕಟ್ಟಿಸಿದರು. ಅತ್ತೆಯ ಮುಂದೆ ನಿಂತು, "ಒಂದು ಬೆಳೆ ಕೊಡಿ, ಕೆಟ್ಟರೆ ಈ ಹೊಸ್ತಿಲು ತುಳಿಯಲ್ಲ," ಎಂದರು.

"ಕಾಲಿಲ್ದೋಳು ಹೆಂಗೆ ಮೇಯಿಸ್ತೀಯೇ?"

"ಹುಳ ತಿನ್ನೋದು ಸೊಪ್ಪು ಅತ್ತೆ, ನನ್ನ ಕಾಲಲ್ಲ."

ಬೂಟುಗಾಲು ಈಗ ಹುಳುಮನೆಯ ಹೊಸ್ತಿಲವರೆಗೆ, ಬಸ್ಸಿಗೆ, ಸಂತೆಗೆ. ಬಸ್ಸಿನಲ್ಲಿ ಚಾಚಿಕೊಂಡ ಕಾಲನ್ನು ಕಂಡು ಕಂಡಕ್ಟರ್ ಗದರಿದರೆ, "ತಾಳಪ್ಪ, ಚಿಲಕ ತೆಗೀಬೇಕು," ಎನ್ನುತ್ತಾರೆ. ಯಾರಾದರೂ "ಪಾಪ" ಎಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಬೆಳಕು ಹರಿದಿದೆ. ಮುನಿಗಂಗಮ್ಮ ಒಳಗೆ ಬರುತ್ತಾರೆ. ತಟ್ಟೆ ತಟ್ಟೆಯನ್ನೂ ಕೆದಕುತ್ತಾರೆ, ಕಪ್ಪಾಗಿ ಸತ್ತ ಹುಳುವೇನಾದರೂ ಸಿಕ್ಕೀತೇ ಎಂದು. ಅಕ್ಕಯ್ಯಮ್ಮನ ಕೈ ಗಳವನ್ನು ಬಿಗಿಯಾಗಿ ಹಿಡಿದಿದೆ. ಮುದುಕಿ ಒಂದು ಹುಳುವನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಹೊಟ್ಟೆ ತಿಳಿಯಾಗಿದೆ, ಕಾಯಿಲೆಯ ಸುಳಿವಿಲ್ಲ.

"ಹಣ್ಣಾಗವೆ," ಎನ್ನುತ್ತಾರೆ. ಹುಳುವನ್ನು ತಟ್ಟೆಗಿಳಿಸಿ, "ಮುಂದಿನ ಬೆಳೇನೂ ನೀನೇ ನೋಡ್ಕೊಳ್ಳೇ."

"ನೋಡ್ಕೊಂತೀನಿ ಬಿಡಿ ಅತ್ತೆ," ಎನ್ನುತ್ತಾರೆ ಸೊಸೆ, ತಲೆಯೆತ್ತದೆ. ಕೈ ಆಗಲೇ ಇನ್ನೊಂದು ಹುಳುವನ್ನು ಆರಿಸುತ್ತಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೂ ಹುಳು ಆರಿಸಲು ಕೂರುತ್ತಾರೆ.

ಇನ್ನೇನು ಬೇಕು ಎಂದು ನೋಡಲು ಬಂದವರು ಕೇಳಿದರೆ ಅಕ್ಕಯ್ಯಮ್ಮ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು ಮಾತಾಡುತ್ತಾರೆ.

"ಬೆಂಗ್ಳೂರಲ್ಲಿ ಕಾಲು ಮಾಡೋರಿಗೆ ಒಂದು ಮಾತು ಮುಟ್ಟಿಸಿಬಿಡಿ. ಬೂಟು ಹಾಕ್ಕೊಂಡು ಹುಟ್ಟಿದೋಳಲ್ಲ ನಾನು. ನನಗೊಂದು ಬರಿಗಾಲು ಮಾಡ್ಕೊಡ್ಲಿ. ಬೆರಳು ಐದೂ ಇರ್ಲಿ, ಕಾಲುಂಗುರ ನಾನೇ ಹಾಕ್ಕೊಂತೀನಿ."