ಆ ವಾರ ನೀಲಿ ಬಣ್ಣ

ಪೀಣ್ಯದ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಯಾವ ಬಣ್ಣ ತಯಾರಾಗುತ್ತಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂತ್ರಕ್ಕೆ ಹೋದರೆ ಸಾಕು. ಹಳದಿ ಪುಡಿ ಕಲಸಿದ ವಾರ ಹಳದಿ, ಕೆಂಪು ಕಲಸಿದ ವಾರ ಕೆಂಪು. ಅದನ್ನು ನಾವು ರೋಗ ಎಂದುಕೊಂಡಿರಲಿಲ್ಲ, ಸರ್ವೀಸು ಎಂದುಕೊಂಡಿದ್ದೆವು. ಹೊಸಬನಿಗೆ ಬಣ್ಣ ಬರದಿದ್ದರೆ, "ನೀನಿನ್ನೂ ಪರ್ಮನೆಂಟ್ ಆಗಿಲ್ಲ ಕಣೋ" ಎಂದು ರೇಗಿಸುವುದರಲ್ಲಿ ಹಳಬನಾದ ನಾನೇ ಮುಂದು.

ಎಂಬತ್ತರ ದಶಕದ ಒಂದು ಬೆಳಿಗ್ಗೆ ಹೆಂಡತಿ ಬಚ್ಚಲ ಕಲ್ಲು ನೋಡಿ ಬಂದು, "ಮಾವ, ಕೆಂಪಗೈತಲ್ಲ" ಅಂದಳು. ನಾನು ಅಕ್ಕನ ಮಗಳನ್ನೇ ಕಟ್ಟಿಕೊಂಡವನು. ಮದುವೆಯಾದ ಮೇಲೂ ಅವಳಿಗೆ ಮಾವನೇ.

"ಬಣ್ಣ ಕಣೇ, ಕೆಲ್ಸದ್ದು."

"ಈ ವಾರ ನಿನ್ನ ಅಂಗಿ ಒಗ್ದೋಳು ನಾನು. ನೀರೆಲ್ಲ ನೀಲಿ."

ಇಷ್ಟು ವರ್ಷದ ಅನುಭವಸ್ಥನಿಗೆ ಅದು ಹೊಳೆದಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಒಳಕ್ಕೆ ನಳಿಗೆ ಇಳಿಸಿ ನೋಡಿದ ಡಾಕ್ಟರು, ಕ್ಯಾನ್ಸರು ಮೂತ್ರಕೋಶದ ಗೋಡೆಯೊಳಕ್ಕೆ ಇಳಿದಿದೆ, ಕೆರೆದು ತೆಗೆದರೆ ಸಾಲದು, ಕೋಶವನ್ನೇ ತೆಗೆಯಬೇಕು ಎಂದರು. ಕರುಳಿನ ತುಂಡೊಂದನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಅಲ್ಲಿಗೊಂದು ಚೀಲ ಅಂಟಿಸುತ್ತಾರಂತೆ, ಇನ್ನು ಮೂತ್ರಕ್ಕೆ ಅದೇ ದಾರಿಯಂತೆ. ಕ್ಯಾನ್ಸರನ್ನು ಮುಖ ನೋಡಿಕೊಂಡೇ ಹೇಳಿದವರು ಮುಂದಿನ ಮಾತಿಗೆ ಕಿಟಕಿಯತ್ತ ತಿರುಗಿದರು. "ಗಂಡ ಹೆಂಡ್ತಿ ಸುಖ ಮೊದಲಿನ ಹಾಗೆ ಇರಲ್ಲ. ಮಕ್ಕಳಿದ್ದಾರಲ್ಲ?" ಮಕ್ಕಳಿದ್ದರೆ ಆ ಅಂಗಡಿ ಮುಚ್ಚಬಹುದು ಎನ್ನುವ ಹಾಗೆ.

ನನಗೆ ಸಾವಿಗಿಂತ ಆ ಮಾತೇ ಭಯ ಹುಟ್ಟಿಸಿತು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಆಪರೇಷನ್ ಬೇಡವೆಂದು ಎರಡು ವಾರ ನಾಟಿ ಔಷಧಿ ಕುಡಿದೆ. ಬಾಯಿ ಕಹಿಯಾಯಿತು, ರಕ್ತ ನಿಲ್ಲಲಿಲ್ಲ. ಕೊನೆಗೆ ಅವಳಿಗೆ ಎಲ್ಲ ಹೇಳಿದೆ, ನಾನೂ ಕಿಟಕಿ ನೋಡಿಕೊಂಡೇ.

"ಕುಯ್ಸಿದ್ರೆ ನೀನು ಉಳೀತೀಯಾ ಇಲ್ವಾ, ಅಷ್ಟು ಯೋಳು" ಅಂದಳು. "ಮಿಕ್ಕಿದ್ದು ಆಮ್ಯಾಕೆ."

ಉಳಿದೆ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮನೆಗೆ ಕರೆತಂದರು. ಮೈಯಲ್ಲಿ ವಾಸನೆ ಇದೆಯೇನೋ ಎಂಬ ನಾಚಿಕೆ ನನಗೆ. ನನ್ನ ಚಾಪೆಯನ್ನು ನಾನೇ ಎಳೆದೊಯ್ದು ಪಡಸಾಲೆಯಲ್ಲಿ ಹಾಸಿ, "ಇಲ್ಲಿ ಗಾಳಿ ಚೆನ್ನಾಗಿದೆ" ಎಂದೆ. ಗಾಳಿ ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ಅವಳು ಚಾಪೆ ಸುತ್ತಿ ಒಳಗೊಯ್ದು ಮೊದಲಿನ ಜಾಗದಲ್ಲೇ ಹಾಸಿದಳು. ಮದುವೆಯಾದಾಗಿನಿಂದ ನನ್ನ ಬಲಕ್ಕೆ ಮಲಗಿದವಳು ಅಂದು ತನ್ನ ಚಾಪೆಯನ್ನು ಎಡಕ್ಕೆ ತಂದು ಒತ್ತಿ ಹಾಸಿಕೊಂಡಳು. "ಆ ಕಡೆ ಚೀಲ ಐತೆ. ನಿದ್ದೇಲಿ ನನ್ನ ಕೈ ತಗಲೀತು."

ಮಗ್ಗುಲು ತಿರುಗಿ ಮುಖ ಮುಚ್ಚಿಕೊಳ್ಳೋಣವೆಂದರೆ ಹೊಲಿಗೆ ಬಿಡಲಿಲ್ಲ. ಅಂಗಾತ ಮಲಗಿಯೇ ಅತ್ತೆ.

"ನೋಯ್ತದಾ ಮಾವ?" ಅಂದಳು.

ಹೌದು ಎಂದೆ.