ಹಾಜರಿ ಹಾಕದ ಫೋನು

ಆ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯ ಶೌಚಾಲಯಗಳನ್ನು ತೊಳೆಯುವ ಹೆಂಗಸಿಗೆ ಜೊತೆಯವರು ಇಟ್ಟ ಹೆಸರು ಜಗಮೊಂಡಿ. ಇಟ್ಟದ್ದರಲ್ಲಿ ತಪ್ಪೇನಿಲ್ಲ ಬಿಡಿ. ಗಂಡ ಬದುಕಿದ್ದಾಗ ಒಮ್ಮೆ ನೆಂಟರೆದುರು, "ನಿಂಗೇನು ತಿಳಿಯತ್ತೆ, ಸುಮ್ನಿರು" ಎಂದನಂತೆ. ಸರಿ, ಸುಮ್ಮನಾದಳು. ಒಂದು ವರ್ಷ! ಊಟ ಬಡಿಸಿದಳು, ಬಟ್ಟೆ ಒಗೆದಳು, ಮಾತು ಮಾತ್ರ ಇಲ್ಲ. ಕೊನೆಗೆ ಆ ಮನುಷ್ಯ ಅದೇ ನೆಂಟರನ್ನು ಕರೆಸಿ, ಅವರೆದುರೇ ತಪ್ಪಾಯಿತು ಎಂದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

ಇಂಥವಳನ್ನು ಕೆಣಕಿದವನು ಅಲ್ಲಿನ ಸ್ವಚ್ಛತೆಯ ಸೂಪರ್‌ವೈಸರ್. ಬಾಯಿಬಿಟ್ಟು ಕರೆದರೆ ನಾಲಿಗೆ ಸವೆಯುತ್ತದೇನೋ ಎಂಬಂತೆ ಎಲ್ಲರನ್ನೂ ಶಿಳ್ಳೆ ಹಾಕಿ ಕರೆಯುವ ಆಸಾಮಿ. ಹಾಗಾಗಿ ಬೆನ್ನ ಹಿಂದೆ ಅವನು ಶಿಳ್ಳೆ ಸಾಹೇಬ. ಮೂರು ವರ್ಷದ ಹಿಂದೆ ಗಲೀಜಾದ ಒಂದು ಬಚ್ಚಲಿನ ಫೋಟೊ ತಂದು, ನಲವತ್ತು ಜನರ ಮುಂದೆ ಅವಳ ಮುಖಕ್ಕೆ ಹಿಡಿದಿದ್ದ. "ನೋಡ್ರೋ, ಈಯಮ್ಮ ತೊಳೆದ ಚೆಂದ!" ಅದು ಅವಳ ಮಹಡಿಯದಾಗಿರಲೇ ಇಲ್ಲ. ಹೇಳಿದಳು, ಕೇಳುವವರು ಯಾರು? ಅಂದಿನಿಂದ ಒಂದೊಂದು ಶೌಚಾಲಯ ತೊಳೆದಾದ ಮೇಲೂ ಒಂದು ಫೋಟೊ ತೆಗೆಯತೊಡಗಿದಳು. ಕನ್ನಡಿಯಲ್ಲಿ ಬಕೆಟ್ಟು ಹಿಡಿದ ಅವಳ ಮುಖ, ಕೆಳಗೆ ಫಳಫಳ ನೆಲ. ದಿನಕ್ಕೆ ಹದಿನಾಲ್ಕು ಫೋಟೊ, ಒಂದು ದಿನವೂ ತಪ್ಪಿಸಿದ್ದಿಲ್ಲ. 'ಮತ್ತೊಂದು ಸಲ ಬಾಯಿ ಬಿಡಲಿ, ಮುಖದ ನೀರಿಳಿಸುತ್ತೇನೆ' ಎಂದು ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಈ ವರ್ಷ ಒಂದು ಸುದ್ದಿ ಬಂತು. ಹಳೆಯ ದಿನಗೂಲಿಯವರಲ್ಲಿ ಐದು ಜನ ಕಾಯಂ ಆಗುತ್ತಾರೆ. ಆದರೆ ಐವತ್ತೈದು ತುಂಬಿದವರಿಗೂ ಪಟ್ಟಿ ಹಚ್ಚುವವರೆಗೆ ಗೈರು ಬಿದ್ದವರಿಗೂ ಇಲ್ಲ. ಅವಳಿಗೆ ಐವತ್ತೈದಾಗಲು ಇನ್ನು ನಾಲ್ಕೇ ತಿಂಗಳು. ಹತ್ತೊಂಬತ್ತು ವರ್ಷ ಕಾದದ್ದು ಇದಕ್ಕೇ ತಾನೆ! ಈ ಸಲ ಬಿಟ್ಟರೆ ಇನ್ನಿಲ್ಲ.

ಸರಿಯಾಗಿ ಆಗಲೇ ಹಾಜರಿ ಆ್ಯಪ್ ಕೈಕೊಟ್ಟಿತು. ಬೆಳಿಗ್ಗೆ ಏಳರೊಳಗೆ ಅದಕ್ಕೆ ಮುಖ ತೋರಿಸಬೇಕು, ಹಸಿರು ಗುರುತು ಬೀಳಬೇಕು. ಅವಳ ಫೋನಿನಲ್ಲಿ ಮುಖ ಕಾಣಿಸಿದ ಮರುಕ್ಷಣವೇ 'ಆ್ಯಪ್ ನಿಂತುಹೋಗಿದೆ' ಎಂದು ಬಂದು ಎಲ್ಲ ಮಾಯ. ಮತ್ತೆ ತೆರೆದಳು, ಮತ್ತೆ ಮಾಯ. ಫೋನು ಆರಿಸಿ ಹಚ್ಚಿದಳು, ಗಾಜು ಒರೆಸಿದಳು, ಬೈದಳು, ಪುಸಲಾಯಿಸಿದಳು. ಊಹೂಂ!

ಆ್ಯಪ್ ಕೆಟ್ಟರೆ ಸೂಪರ್‌ವೈಸರ್ ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳಬೇಕೆಂಬುದು ಅಲ್ಲಿನ ನಿಯಮ. ಅವನ ಬಳಿ ಹೋದಳು.

"ಫೋನ್ ನಿಂದು, ತಲೆನೋವೂ ನಿಂದೇ" ಎಂದ. "ಆ್ಯಪಲ್ಲಿ ಇಲ್ಲ ಅಂದ್ರೆ ನೀನು ಬಂದಿಲ್ಲ."

"ಮತ್ತೆ ಈಗ ನಿಮ್ಮೆದುರು ನಿಂತಿರೋದ್ಯಾರು ಸಾರ್, ನನ್ನ ದೆವ್ವಾನಾ?"

"ಹೋಗಮ್ಮ, ಕೆಲಸ ನೋಡು."

ಆರು ದಿನ ಹೀಗೇ ಆಯಿತು. ಆರು ದಿನವೂ ಬೆವರು ಸುರಿಸಿ ದುಡಿದಳು, ಆರು ದಿನವೂ ಗೈರು. ಏಳನೆಯ ದಿನ ಗೋಡೆಗೆ ಪಟ್ಟಿ ಹಚ್ಚಿದರು. ಅವಳದಿರಬೇಕಾದ ಐದನೇ ಜಾಗದಲ್ಲಿ ಶಿಳ್ಳೆ ಸಾಹೇಬನ ಹೆಂಡತಿಯ ತಂಗಿಯ ಹೆಸರು! ಪಿತ್ತ ನೆತ್ತಿಗೇರಿತು. ಅಲ್ಲೇ ಬಕೆಟ್ಟಿನ ನೀರು ಅವನ ತಲೆಗೆ ಸುರಿಯಬೇಕೆನಿಸಿತು, ತಡೆದುಕೊಂಡಳು.

ಅವಳ ತಂಗಿಯ ಮಗಳಿಗೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮಧ್ಯಾಹ್ನ ನೇರ ಅಲ್ಲಿಗೆ ಹೋಗಿ ಫೋನನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದಳು. ಹುಡುಗಿ ಆ್ಯಪಿನ ಹಳೆಯ ಕಸ ಅಳಿಸಿದಳು, ಅಪ್‌ಡೇಟ್ ಹುಡುಕಿದಳು, ಕ್ಯಾಮೆರಾಗೆ ಅನುಮತಿ ಇದೆಯೇ ಎಂದು ನೋಡಿದಳು. ಆ್ಯಪ್ ಒಮ್ಮೆ ತೆರೆದುಕೊಂಡು ಮತ್ತೆ ಮುಚ್ಚಿಕೊಂಡಿತು. ಕಡೆಗೆ ಸ್ಟೋರೇಜ್ ತೆರೆದವಳೇ ಕಣ್ಣರಳಿಸಿದಳು.

"ದೊಡ್ಡಮ್ಮಾ, ಇದೇನಿದು! ಹದಿನಾಲ್ಕು ಸಾವಿರ ಕಕ್ಕಸಿನ ಫೋಟೊ! ಇನ್ನೊಂದಷ್ಟು ಫೋಟೊಗೆ ಆಗೋಷ್ಟು ಜಾಗ ಇದೆ, ಆ್ಯಪ್ ಓಡೋಕೆ ಅದು ಸಾಲಲ್ಲ. ಆ್ಯಪ್ ನಿನ್ನ ಮುಖ ತೆಗೆದು ಎಲ್ಲಿ ಇಟ್ಕೋಬೇಕು? ಜಾಗ ಸಿಗ್ದೆ ಮುಚ್ಕೊಳ್ತಿದೆ ಪಾಪ."

ಜಗಮೊಂಡಿ ಸ್ಟೂಲು ಎಳೆದುಕೊಂಡು ಕೂತಳು. "ಅಂದ್ರೆ ನನ್ನ ಸಿಟ್ಟೇ ನನ್ನ ಹಾಜರಿ ತಿಂತಾ?"

"ಹ್ಞೂಂ. ಎಲ್ಲಾ ಅಳಿಸ್ಬಿಡ್ಲಾ?"

"ಕೈ ಮುರೀತೀನಿ! ಮೊದಲನೇ ವರ್ಷದ್ದು ಅಳಿಸು. ಈ ಆರು ದಿನದ್ದು ಮುಟ್ಬೇಡ."

ಜಾಗವಾಯಿತು, ಆ್ಯಪ್ ಬಾಲ ಮುದುರಿಕೊಂಡು ಓಡತೊಡಗಿತು. ಅವಳಿಗೆ ಅಷ್ಟರಿಂದ ಸಮಾಧಾನವಾಗುತ್ತದೆಯೇ? ಮರುದಿನ ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಡಾಕ್ಟರಮ್ಮ ಶಿಳ್ಳೆ ಸಾಹೇಬನನ್ನೂ ಕರೆಸಿದರು. ಜಗಮೊಂಡಿ ಒಂದೊಂದೇ ಫೋಟೊ ಸರಿಸುತ್ತ ಹೋದಳು: ತಾರೀಖು, ಗಂಟೆ, ಕನ್ನಡಿಯಲ್ಲಿ ಮುಖ. "ಸಾರ್, ನೀವೂ ಬಗ್ಗಿ ನೋಡಿ. ಇದು ನನ್ನ ದೆವ್ವ ತೊಳೆದಿದ್ದು." ಆರು ದಿನದ ಎಂಬತ್ನಾಲ್ಕು ಫೋಟೊಗಳನ್ನೂ ಅವನಿಗೆ ತೋರಿಸಿದಳು. ಅವನ ಕತ್ತಿನ ಮೇಲೆ ಬೆವರು ಮೂಡಿದಾಗ ಅವಳ ಎದೆಗೆ ಅದೆಂಥ ಹಿತವಾಯಿತೆಂದರೆ, ಇನ್ನೂ ನೂರು ಫೋಟೊ ಇದ್ದಿದ್ದರೆ ಎನಿಸಿತು.

ಡಾಕ್ಟರಮ್ಮ ಕನ್ನಡಕ ತೆಗೆದರು. "ನೋಡೀಮ್ಮ, ಆರು ದಿನಾನೂ ಹಾಜರಿ ಅಂತ ಈಗ್ಲೇ ತಿದ್ದಿಸ್ತೀನಿ. ಪಟ್ಟಿಯಲ್ಲಿ ನಿಮ್ಮ ಹೆಸರು ಬರತ್ತೆ. ವಿಷಯ ಇಲ್ಲಿಗೇ ಬಿಟ್ಬಿಡೋಣ. ಇಲ್ಲ, ಇವ್ರು ಬೇಕಂತ್ಲೇ ಮಾಡಿದ್ರು ಅಂತ ಬರೆದುಕೊಟ್ರೆ ವಿಚಾರಣೆ ಆಗ್ಬೇಕು. ಅದು ಮುಗಿಯೋವರೆಗೂ ಐದನೇ ಹೆಸರು ತಡೆಹಿಡೀಬೇಕಾಗತ್ತೆ. ಆರು ತಿಂಗಳಾದ್ರೂ ಬೇಕು."

ಕೋಣೆಯಲ್ಲಿದ್ದ ಮೂವರಿಗೂ ಅವಳ ವಯಸ್ಸು ಗೊತ್ತಿತ್ತು. ಅವಳು 'ಬಿಟ್ಟುಬಿಡಿ' ಎನ್ನಲು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಶಿಳ್ಳೆ ಸಾಹೇಬ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಗೆದ್ದವನಂತೆ ಸಣ್ಣಗೆ ನಕ್ಕ.

"ಮೇಡಂ, ಒಂದು ಪೆನ್ನು ಕೊಡ್ತೀರಾ?" ಎಂದಳು ಜಗಮೊಂಡಿ.

ವಿಚಾರಣೆ ಏಳು ತಿಂಗಳು ನಡೆಯಿತು. ಅವನ ಕೆಲಸ ಹೋಯಿತು, ಹೆಂಡತಿಯ ತಂಗಿಯ ಹೆಸರೂ ಹೋಯಿತು. ಅವನು ತನ್ನ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ಇಳಿಯುವಾಗ ಅವಳು ಬೇಕೆಂದೇ ಮೆಟ್ಟಿಲು ಒರೆಸುತ್ತಿದ್ದಳು. ಒದ್ದೆ ನೆಲ ಒಣಗುವವರೆಗೆ ಅವನನ್ನು ನಿಲ್ಲಿಸಿಯೂ ನಿಲ್ಲಿಸಿದಳು. ಅವಳಿಗೆ ಐವತ್ತೈದು ತುಂಬಿ ಮೂರು ತಿಂಗಳಾಗಿತ್ತು. ಐದನೇ ಜಾಗಕ್ಕೆ ಅವಳಿಗಿಂತ ಚಿಕ್ಕವಳೊಬ್ಬಳು ಬಂದಳು.

ಸಂಜೆ ತಂಗಿಯ ಮಗಳು ಕೇಳಿದಳು. "ಅವತ್ತು ಆ ನಾಲ್ಕು ಸಾಲು ಬರೀದೇ ಇದ್ದಿದ್ರೆ ಇವತ್ತು ನೀನು ಕಾಯಂ. ಬೇಜಾರಾಗಲ್ವಾ ದೊಡ್ಡಮ್ಮ?"

ಜಗಮೊಂಡಿ ಬಿರುಕುಬಿಟ್ಟ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಆಗತ್ತೆ ಕಣೆ. ದಿನಾ ಬೆಳಿಗ್ಗೆ ಎದ್ದಾಗ ಹೊಟ್ಟೆಗೆ ಬೆಂಕಿ ಬೀಳತ್ತೆ. ಆದ್ರೆ ಅವ್ನು ನಕ್ಕಿದ್ದು ನೆನಪಾಗತ್ತೆ ನೋಡು, ಆಗ ಇನ್ನೊಂದ್ಸಲ ಕೇಳಿದ್ರೂ ಪೆನ್ನೇ ಇಸ್ಕೋತೀನಿ ಅನ್ಸತ್ತೆ."