ಮೇಸ್ತ್ರಿ ಬಿಟ್ಟ ಗಲ್ಲಿ

ನಾನು ಶಾಲೆ ಬಿಟ್ಟದ್ದು ೨೦೦೩ರಲ್ಲಿ, ಏಳನೇ ತರಗತಿಗೆ. ಅದೇ ವರ್ಷ ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮ ಮೇಸ್ತ್ರಿಯ ಬಲಗೈ. ಸಿಮೆಂಟು ತಿಂದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನಷ್ಟು ದಪ್ಪ. ಆ ಉಗುರಿನಿಂದ ಇಟ್ಟಿಗೆ ತಟ್ಟಿ, ಸದ್ದು ಕೇಳಿ, "ಇದು ಹಸಿ ಐತಿ, ಒಗಿ" ಎನ್ನುತ್ತಿದ್ದರು. ನನಗೆ ಗೌಂಡಿ ಕೆಲಸ ಕಲಿಸಿದವರು ಅವರೇ.

ಸನತ್‌ನಗರದ ಕಾರ್ಖಾನೆಗಳ ಹಿಂದೆ ನಮ್ಮ ಗುಡಿಸಲುಗಳಿದ್ದವು. ದೊಡ್ಡವನಾದ ಮೇಲೆ ನಾನು ಮದುವೆಯಾಗಿ ಅಲ್ಲೇ ಸಂಸಾರ ಹೂಡಿದ್ದೆ. ಬಿದಿರು ಉಳಿಯಲೆಂದು ಎರಡು ಮನೆಗೆ ಒಂದೇ ಗಳ ನೆಟ್ಟು, ಒಬ್ಬರ ತಾಡಪತ್ರಿಯನ್ನು ಇನ್ನೊಬ್ಬರದಕ್ಕೆ ಬಿಗಿದು ಕಟ್ಟಿದ್ದೆವು. ಒಂದು ಬೇಸಿಗೆಯ ಮಧ್ಯಾಹ್ನ ಆಚೆ ಬಯಲಿನ ಒಣಹುಲ್ಲಿಗೆ ಹತ್ತಿದ ಬೆಂಕಿ ಮೊದಲ ಗುಡಿಸಲಿಗೆ ಬಂತು. ಅಲ್ಲಿಂದ ಮುಂದಕ್ಕೆ ಅದಕ್ಕೆ ದಾರಿ ನಾವೇ ಹಾಕಿಟ್ಟಿದ್ದೆವು. ಜೀವ ಯಾರದೂ ಹೋಗಲಿಲ್ಲ. ಉಳಿದದ್ದೂ ಏನಿಲ್ಲ.

ಬೂದಿ ಆರುವ ಮೊದಲೇ ಜನ ಮತ್ತೆ ಹಳೆಯ ಹಾಗೆಯೇ ಗಳ ನೆಡಲು ಬಂದರು. ಮೇಸ್ತ್ರಿ ಅವರನ್ನು ತಡೆದು, ದಾರ ಹಿಡಿದು, ಪಾಯಕ್ಕೆ ಗುರುತು ಹಾಕುವಂತೆ ಬೂದಿಯ ಮೇಲೆ ಸುಣ್ಣದ ಗೆರೆ ಎಳೆದರು. ಸಾಲುಗಳ ನಡುವೆ ಬೆಂಕಿ ದಾಟದಷ್ಟು ಅಗಲವಾದ ಗಲ್ಲಿ.

"ಇಷ್ಟು ಜಾಗ ಬಿಟ್ರ ಒಂದು ಮನಿ ಕಮ್ಮಿ ಬೀಳ್ತೈತಿ, ಮಾಮಾ. ಯಾರ್ನ ಹೊರಗ ಹಾಕ್ತೀರಿ?" ಸುಟ್ಟ ರೊಟ್ಟಿ ಹಂಚನ್ನು ಕಂಕುಳಲ್ಲಿ ಅವುಚಿಕೊಂಡು ನನ್ನ ಹೆಂಡತಿ ಕೇಳಿದಳು. ಉಳಿದವರೂ ದನಿಗೂಡಿಸಿದರು. ಜಾಗ ಬಿಟ್ಟವರಿಗೆ ಊರಿನ ಬಸ್ಸೇ ಗತಿ, ಬಿಡುವವರು ಯಾರು?

"ನನ್ನ ಹಾಕ್ರಿ," ಎಂದರು ಮೇಸ್ತ್ರಿ. ಹೆಂಡತಿ ತೀರಿದ ಮೇಲೆ ಅವರು ಒಬ್ಬರೇ. "ಗೊರಕಿ ಹೊಡಿಯೋ ಮುದುಕ. ಸೈಟಿನ್ಯಾಗ ಸಿಮೆಂಟ್ ಚೀಲದ ಬಾಜೂಕ ಮಲಗ್ತೀನಿ. ಅವು ನಿಮ್ಮಂಗ ಬೈಯೂದಿಲ್ಲ."

ಗಲ್ಲಿ ಉಳಿಯಿತು, ನಾವೂ ಉಳಿದೆವು. ಸಂಜೆ ಒಂದೊಂದು ದಿನ ಒಂದೊಂದು ಮನೆಯ ರೊಟ್ಟಿ ಅವರಿಗೆ. ಒಳಗೆ ಕರೆದರೆ ಬರುತ್ತಿರಲಿಲ್ಲ. ಗಲ್ಲಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, "ನನ್ನ ಮನ್ಯಾಗ ನಾ ಕುಂತೀನಿ. ನೀವು ಬರ್ರಿ, ಉಣ್ಣೂನು" ಎನ್ನುತ್ತಿದ್ದರು. ಯಾರಾದರೂ ಅಲ್ಲಿ ಕಟ್ಟಿಗೆಯನ್ನೋ ಸೈಕಲ್ಲನ್ನೋ ಇಟ್ಟರೆ ಮಾತ್ರ ಕೆಂಡವಾಗುತ್ತಿದ್ದರು: "ಯಾವನಲೇ ನನ್ನ ಪಡಸಾಲ್ಯಾಗ ಸಾಮಾನು ಒಗದಾಂವ?"

ಹೋದ ಚಳಿಗಾಲ ಜ್ವರ ಎದೆಗಿಳಿದು ಹೋಗಿಬಿಟ್ಟರು. ನಮ್ಮ ಕಡೆ ಹೊರುವ ಮೊದಲು ಹೆಣವನ್ನು ಅದರ ಮನೆಯ ಮುಂದೆ ಕೂರಿಸುತ್ತೇವೆ. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗಲ್ಲಿಯಲ್ಲಿ, ಅವರು ಉಣ್ಣುತ್ತಿದ್ದ ಜಾಗದಲ್ಲೇ ಕೂರಿಸಿದೆವು. ಎಲ್ಲರಿಗಿಂತ ಜೋರಾಗಿ ಅತ್ತವಳು ನನ್ನ ಹೆಂಡತಿ.

ನಾನೀಗ ಮೇಸ್ತ್ರಿ. ಯಾರ ಮುಂದೂ ಕೈಯೊಡ್ಡದೆ ದುಡಿದವನು. ಆದರೂ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅವರು ಬಂದು ಕೂತಿರಬಹುದೆಂದು ಹೊರಗೆ ಇಣುಕುತ್ತೇನೆ. ಒಂದು ಸಂಜೆ ಬೇಕಂತಲೇ ಸೈಕಲ್ಲನ್ನು ಗಲ್ಲಿಯ ನಡುವೆ ನಿಲ್ಲಿಸಿ ಕಾದೆ. ಯಾರೂ ಬೈಯಲಿಲ್ಲ. ನಾನೇ ತೆಗೆದಿಟ್ಟೆ.

ಈಗ ನನಗಿರುವುದು ಇಟ್ಟಿಗೆ ಗೋಡೆಯ ಒಂದು ಕೋಣೆ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ನಮ್ಮ ಮೇಸ್ತ್ರಿ ಬಿಟ್ಟುಹೋದ, ಗಾರೆ ಮೆತ್ತುವ ಒಂದು ಕರಣೆ, ಬಾಗಿಲ ಮುಂದೆ ಒಂದು ಖಾಲಿ ಗಲ್ಲಿ.